ಬೀಗದ ಕೈ ರಜೆಯಲ್ಲಿದೆ

ಸರ್ಕಾರಿ ಗ್ರಂಥಾಲಯಗಳು ತಮ್ಮಲ್ಲಿರುವುದನ್ನು ಪರಸ್ಪರ ಹಂಚಿಕೊಳ್ಳುವುದಿಲ್ಲ ಎಂದು ದೂರುವವರು ಪುಸ್ತಕ ಬಲ್ಲವರಿರಬಹುದು, ಕಡತ ಬಲ್ಲವರಲ್ಲ. ಹಂಚಿಕೆ ಬೇಕಾದಷ್ಟು ನಡೆದಿದೆ. ಸುತ್ತೋಲೆ ಹಂಚಿದ್ದಾರೆ, ನಡಾವಳಿ ಹಂಚಿದ್ದಾರೆ, ಸಭೆಯ ಬಿಸ್ಕತ್ತನ್ನೂ ತಾರತಮ್ಯವಿಲ್ಲದೆ ಹಂಚಿದ್ದಾರೆ. ಬಾಕಿ ಇರುವುದು ಪುಸ್ತಕ ಒಂದೇ.

ಒಂದೇ ಕಟ್ಟಡದ ಎರಡು ಇಲಾಖೆಗಳನ್ನು ಊಹಿಸಿಕೊಳ್ಳಿ. ನಾಲ್ಕನೆಯ ಮಹಡಿಯವರಿಗೆ ಬೇಕಾದ ಸೇವಾ ನಿಯಮಗಳ ದಪ್ಪ ವ್ಯಾಖ್ಯಾನ ಮೂರನೆಯ ಮಹಡಿಯ ಗಾಜಿನ ಬೀರುವಿನಲ್ಲಿದೆ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಕೋರಿಕೆ ಪತ್ರ ಇಳಿಯಿತು. ‘ಸಕ್ಷಮ ಪ್ರಾಧಿಕಾರದ ಮೂಲಕ ಬರತಕ್ಕದ್ದು’ ಎಂಬ ಷರಾ ಹೊತ್ತು ಹತ್ತಿತು. ಮೂಲಕವೇ ಬಂದಾಗ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಅವರು ಮರಳುವಷ್ಟರಲ್ಲಿ ಕೋರಿದವರಿಗೆ ವರ್ಗವಾಗಿತ್ತು. ಅಷ್ಟರಲ್ಲಿ ಮಾರ್ಚ್ ಬಂತು, ಅನುದಾನ ಉಳಿದಿತ್ತು, ಮೇಲಿನ ಮಹಡಿಯವರೂ ಅದೇ ಪುಸ್ತಕ ಕೊಂಡರು. ಎರಡೂ ಪ್ರತಿಗಳ ಕೊನೆಯಲ್ಲಿ ಅಂಟಿಸಿದ ದಿನಾಂಕದ ಚೀಟಿ ಇನ್ನೂ ಬಾಣಂತಿ ಕೋಣೆಯಷ್ಟು ಶುಭ್ರ.

ಗ್ರಂಥಪಾಲಕರನ್ನು ಬೈಯಬೇಡಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸಬೇಕು. ವರ್ಷದಲ್ಲಿ ಎರವಲು ಹೋದ, ಪರಾಮರ್ಶೆಗೆ ತೆಗೆದ 1,000 ಸಂಪುಟಗಳಿಗೆ 5 ಕಳೆದರೆ, ವಂಚನೆಯೋ ನಿರ್ಲಕ್ಷ್ಯವೋ ಇಲ್ಲದ ಪಕ್ಷದಲ್ಲಿ, ಸಹಜ ನಷ್ಟವೆಂದು ಒಪ್ಪಬಹುದು. ಧಾರಾಳ ಮನಸ್ಸೇ. ಆದರೆ 1,000 ರೂಪಾಯಿ ಮೀರಿದ ಒಂದೇ ಪುಸ್ತಕ ಕಾಣೆಯಾದರೂ ತನಿಖೆ ಕಡ್ಡಾಯ. ಈಗ ಪರಾಮರ್ಶನ ಗ್ರಂಥಗಳ ಬೆಲೆ ವಿಚಾರಿಸಿ ನೋಡಿ. ಒಂದು ಕಡೆ ಓದುಗನ ಕೃತಜ್ಞತೆ, ಇನ್ನೊಂದು ಕಡೆ ವಿಚಾರಣಾಧಿಕಾರಿಯ ನೋಟಿಸು. ಸಂಸಾರಸ್ಥ ಯಾವುದನ್ನು ಆರಿಸಿಕೊಳ್ಳಬೇಕು? ಪುಸ್ತಕ ಕಳೆದುದಕ್ಕೆ ಜವಾಬು ಕೊಡಬೇಕು, ಯಾರೂ ಓದದಿದ್ದುದಕ್ಕೆ ಕೊಡಬೇಕಾಗಿಲ್ಲ. (ಏನನ್ನೂ ಕೊಡದಿದ್ದರೆ ಆ ಐದರ ರಿಯಾಯಿತಿಯೂ ಸೊನ್ನೆಗಿಳಿಯುತ್ತದೆ ಎಂಬುದನ್ನು ಗೆದ್ದಲಿಗೆ ಯಾರಾದರೂ ತಿಳಿಸಬೇಕು.)

ಯಾರ ಬಳಿ ಯಾವ ಪುಸ್ತಕವಿದೆ ಎಂದು ಒಂದೇ ಸೂಚಿಯಲ್ಲಿ ನೋಡಿ ತರಿಸಿಕೊಳ್ಳಲು ದೆಹಲಿಯಲ್ಲಿ ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲ ಶುರುವಾದದ್ದು 1988ರಲ್ಲಿ. ‘ಪುಸ್ತಕಗಳಿರುವುದು ಬಳಕೆಗಾಗಿ’ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ತಮ್ಮ ಐದು ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದಾಗಿ ಹೇಳಿದ್ದು 1931ರಲ್ಲಿ. ಮೂರನೆಯ ಮಹಡಿಯಲ್ಲಿ ಆ ಸೂತ್ರವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಬೀರುವಿನ ಗಾಜಿಗೇ ಅಂಟಿಸಿದ್ದಾರೆ. ಒಳಗಿನ ಪುಸ್ತಕಗಳ ಹೆಸರು ಕಾಣುವುದಿಲ್ಲ, ಅಷ್ಟೇ.

ಈಚೆಗೆ ಆ ಬೀಗದ ಕೈಯೇ ಕಳೆದುಹೋಗಿದೆ. ಹಾಗಾಗಿ ಮೂರನೆಯ ಮಹಡಿಯವರು ಅದೇ ಪುಸ್ತಕ ಕೋರಿ ನಾಲ್ಕನೆಯ ಮಹಡಿಗೆ ಪತ್ರ ಬರೆದಿದ್ದಾರೆ, ಸಕ್ಷಮ ಪ್ರಾಧಿಕಾರದ ಮೂಲಕ.