68 ಸ್ಯಾಕ್ ದಾಖಲೆ ಅಲ್ಲ: ಒಂದು ಸ್ಪಷ್ಟನೆ

ಅಮೆರಿಕನ್ ಫುಟ್‌ಬಾಲ್ ತಂಡ ಷಿಕಾಗೋ ಬೇರ್ಸ್ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. 2024ರಲ್ಲಿ ತಂಡದ ಹೊಸ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಕ್ಯಾಲೆಬ್ ವಿಲಿಯಮ್ಸ್ 68 ಸಲ ಸ್ಯಾಕ್ ಆಗಿದ್ದು (ಅಂದರೆ ಪಾಸ್ ಎಸೆಯೋ ಮುಂಚೆಯೇ ಎದುರಾಳಿ ಕೆಡವಿದ್ದು) ಎನ್‌ಎಫ್‌ಎಲ್ ಲೀಗ್ ದಾಖಲೆ, ತಪ್ಪೆಲ್ಲ ಅವರಿಗೆ ರಕ್ಷಣೆ ಕೊಡುವ ಲೈನ್‌ನದ್ದು, ಅದರ ಐದು ಜನರನ್ನು ಬದಲಿಸಿದರೆ 2025ರಲ್ಲಿ ಪಾಸಿಂಗ್ ತಾನೇ ಸರಿಹೋಗುತ್ತದೆ ಅಂತ. ನಾನೂ ಅದನ್ನು ನಂಬಿ ಹಂಚಿದ್ದೆ, ಕ್ಷಮಿಸಿ.

68 ಅನ್ನೋ ಅಂಕಿ ಸರಿ. ದಾಖಲೆ ಅನ್ನೋದು ತಪ್ಪು. ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಸ್ಯಾಕ್ ಆದವರು ಹ್ಯೂಸ್ಟನ್ ಟೆಕ್ಸನ್ಸ್‌ನ ಡೇವಿಡ್ ಕಾರ್, 2002ರಲ್ಲಿ 76 ಸಲ. ಇದು ಲೀಗ್‌ನ ಅಧಿಕೃತ ಅಂಕಿ-ಅಂಶದಲ್ಲೇ ಇದೆ.

ಲೈನ್ ದುರ್ಬಲವಾಗಿತ್ತು, ನಿಜ. ಅದಕ್ಕೇ 2025ರಲ್ಲಿ ಲೈನ್‌ಗೆ ಜೋ ಥೂನಿ, ಜೋನಾ ಜಾಕ್ಸನ್, ಡ್ರೂ ಡಾಲ್ಮನ್ ಬಂದರು. ಆದರೆ ವಿಲಿಯಮ್ಸ್ ಎಷ್ಟೋ ಸಲ ಚೆಂಡನ್ನು ಕೈಯಲ್ಲೇ ಜಾಸ್ತಿ ಹೊತ್ತು ಇಟ್ಟುಕೊಂಡರು, ಹತ್ತಿರ ಖಾಲಿ ನಿಂತವರಿಗೆ ಬೇಗ ಕೊಡಬಹುದಿದ್ದ ಕಡೆ ಇನ್ನೂ ದೊಡ್ಡ ಅವಕಾಶಕ್ಕೆ ಕಾದರು, ಅಷ್ಟರಲ್ಲಿ ಎದುರಾಳಿ ಬಂದು ಕೆಡವುತ್ತಿದ್ದ. ದೂರದ ಪಾಸ್‌ಗಳೂ ಗುರಿ ತಪ್ಪಿದವು. ಸೀಸನ್ ಮಧ್ಯೆಯೇ ಅಫೆನ್ಸ್ (ದಾಳಿಯ ಆಟ) ಕೋಚ್ ಬದಲಾದರು, ಆಮೇಲೆ ಹೆಡ್ ಕೋಚ್ ಕೂಡ. ಹೊಸ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಅಷ್ಟಾದರೂ ಪಾಸಿಂಗ್‌ನಲ್ಲಿ 3,541 ಗಜ, 20 ಟಚ್‌ಡೌನ್, ಬರೀ 6 ಇಂಟರ್ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಚೆಂಡು ಜೋಪಾನ ಮಾಡೋದು ಅವರಿಗೆ ಗೊತ್ತು.

ನನ್ನ ಪ್ರಕಾರ ಮೊದಲು ಬೇಕಿರೋದು ಬೇಗ ಬಿಡುವ ಪಾಸ್. 2025ರಲ್ಲಿ ಬೇರ್ಸ್ ಹೆಡ್ ಕೋಚ್ ಆಗಿ ಬಂದ ಬೆನ್ ಜಾನ್ಸನ್ ಡೆಟ್ರಾಯ್ಟ್‌ನಲ್ಲಿ ಪ್ಲೇ-ಆ್ಯಕ್ಷನ್ (ಚೆಂಡನ್ನು ಓಟಗಾರನಿಗೆ ಕೊಟ್ಟಂತೆ ನಟಿಸಿ ಪಾಸ್ ಎಸೆಯೋದು) ಚೆನ್ನಾಗಿ ಬಳಸಿದವರು, ಆ ಭರವಸೆ ಇದೆ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿ.