ಬಿಟ್ಟಿ ಎಂದವರು ಲೆಕ್ಕ ಕೊಡಲಿ

ಸೋಲಾರ್ ಪಂಪ್‌ಗೆ ಸಬ್ಸಿಡಿ ಕೇಳಿ ಹಾಕಿದ ನನ್ನ ಅರ್ಜಿಯನ್ನು ಸುಮ್ಮನೆ ತಿರಸ್ಕರಿಸಿದ್ದರೆ ಬೇಸರವಾಗುತ್ತಿತ್ತೇ ಹೊರತು ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. "ಊರಿಗೆಲ್ಲ ಬಿಟ್ಟಿ ಕರೆಂಟು ಕೊಟ್ಟಿದ್ದಾಯ್ತು, ಈಗ ಸೋಲಾರೂ ಬಿಟ್ಟಿ ಬೇಕೇನ್ರೀ ನಿಮಗೆ?" ಎಂದು ಅರ್ಜಿ ನೋಡುತ್ತಿದ್ದ ಆ ಮನುಷ್ಯ ನನ್ನ ಪಹಣಿಯ ಮೇಲೆಯೇ ಟೀ ಲೋಟ ಇಟ್ಟುಕೊಂಡು ಕೇಳಿದರು. ಹಿಂದೆ ನಿಂತಿದ್ದವರಲ್ಲಿ ಇಬ್ಬರು ನಕ್ಕರು. ಇಬ್ಬರೂ ನಮ್ಮ ಮಧುಗಿರಿ ಸೀಮೆಯ ರೈತರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟ ಎತ್ತಿ, ಒದ್ದೆಯಾದ ಪಹಣಿಯನ್ನು ನನ್ನತ್ತ ತಳ್ಳಿ, ಮುಂದಿನವರನ್ನು ಕರೆದರು. ಆಗ ಹೇಳಲಾಗದೆ ಉಳಿದದ್ದನ್ನು ಈಗ ಹೇಳುತ್ತೇನೆ.

ರೈತರ ಸೋಲಾರ್ ಪಂಪ್‌ಗೆ ನೆರವು ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ, ನಮ್ಮ ರಾಜ್ಯದಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಟ್ಟರೂ ಉಳಿದ ಶೇ 20 ರೈತನದೇ. ಇದರಲ್ಲಿ ಬಿಟ್ಟಿ ಎಲ್ಲಿಂದ ಬಂತು? ನನ್ನ ಹೊಸ ಕೊಳವೆಬಾವಿಗೆ ಲೈನ್ ಎಳೆಯಬೇಕಾದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಖರ್ಚಿದೆ. ಅದಾದ ಮೇಲೆ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳ ವಿದ್ಯುತ್ ಬಾಬ್ತನ್ನು ಸರ್ಕಾರ ವರ್ಷ ವರ್ಷವೂ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುತ್ತಲೇ ಇರಬೇಕು. ಸೋಲಾರ್ ಫಲಕಗಳಿಗಾದರೋ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ. ಒಮ್ಮೆ ಕೊಟ್ಟು ಮುಗಿಸುವ ಸಬ್ಸಿಡಿಯನ್ನು ಈ ಮುಗಿಯದ ಬಾಕಿಯ ಪಕ್ಕದಲ್ಲಿಟ್ಟು ತೂಗದೆ, ರೈತನನ್ನು ಭಿಕ್ಷುಕನಂತೆ ಕಾಣುವುದು ಯಾವ ನ್ಯಾಯ?

ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಇಂಥ ಪಾರ್ಕುಗಳಿಗೆ ಮೆಗಾವ್ಯಾಟ್‌ಗೆ 20 ಲಕ್ಷ ರೂಪಾಯಿವರೆಗೆ ಕೇಂದ್ರದ ನೆರವು ಉಂಟು. ಅದನ್ನು ಯಾರೂ ಬಿಟ್ಟಿ ಎಂದದ್ದನ್ನು ನಾನು ಕೇಳಿಲ್ಲ, ಅಭಿವೃದ್ಧಿ ಎನ್ನುತ್ತಾರೆ. ಅಲ್ಲಿ ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು, ಸಂತೋಷ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವರ ನಷ್ಟ ಯಾವ ಪುಸ್ತಕದಲ್ಲಿ ಜಮೆಯಾಯಿತು?

ಸೋಲಾರ್ ಪಂಪ್‌ನ ಲೆಕ್ಕದಲ್ಲೂ ಕಳೆಯಬೇಕಾದದ್ದು ಇದೆ, ಅದನ್ನು ಮುಚ್ಚಿಡುವುದಿಲ್ಲ. ಕರೆಂಟಿಗೆ ಕಾಯಬೇಕಿಲ್ಲದ ಪಂಪು ಬಿಸಿಲಿರುವಷ್ಟು ಹೊತ್ತೂ ನೀರೆತ್ತಬಹುದು, ಮತ್ತು ನಮ್ಮ ಅಂತರ್ಜಲದ ಗತಿ ಎಲ್ಲರಿಗೂ ಗೊತ್ತಿರುವುದೇ. ಬೆಳೆಯಿಲ್ಲದ ತಿಂಗಳುಗಳಲ್ಲಿ, ಗ್ರಿಡ್ ಸಂಪರ್ಕವಿಲ್ಲದ ಫಲಕದ ವಿದ್ಯುತ್ ಯಾರಿಗೂ ದಕ್ಕದೆ ಹೋಗುತ್ತದೆ. ಇವನ್ನೆಲ್ಲ ಕಳೆದೇ ಲೆಕ್ಕ ಹಾಕಲಿ, ಸಬ್ಸಿಡಿ ವ್ಯರ್ಥವೆಂದು ತೇಲಿದರೆ ನನ್ನ ಅರ್ಜಿಯನ್ನು ನಾನೇ ಹಿಂಪಡೆಯುತ್ತೇನೆ.

ಇಲ್ಲ, ಹಿಂಪಡೆಯುವುದಿಲ್ಲ. ಹಿಂಪಡೆದು ಮಾಡುವುದಾದರೂ ಏನು? ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಕಾದು, ನಡುರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ನೀರು ಕಟ್ಟಿ ನಮ್ಮ ಹಿರಿಯರು ಸವೆದರು. ಹಗಲು ಹೊತ್ತಿನ ನೀರಿಗೆ ಸರ್ಕಾರದ ಲೆಕ್ಕದಲ್ಲಿ ಎಷ್ಟು ಬೆಲೆ ಹಿಡಿದಿದ್ದಾರೆ? ಇಂಧನ ಇಲಾಖೆಯವರಾಗಲಿ, ಅರ್ಥಶಾಸ್ತ್ರ ಓದಿದವರಾಗಲಿ, ಅಂದು ಅಲ್ಲಿ ನಿಂತು ನಕ್ಕವರಾಗಲಿ, ಯಾರಾದರೊಬ್ಬರು ಉತ್ತರಿಸಿ.