ಮೂರನೇ ಸುತ್ತು

ಕಾಫಿ ಹುರಿಯುವವರು ಈಚೆಗೆ ಬಲು ಗಂಭೀರರಾಗಿಬಿಟ್ಟಿದ್ದಾರೆ. ಹಿಂದೆ ಕಾಫಿಪುಡಿ ಅಂಗಡಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಚಿಕೋರಿ ಎಷ್ಟು ಹಾಕ್ಲಿ?" ಉತ್ತರ ಹೇಳಿ, ಬಿಸಿ ಬಿಸಿ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಹೊರಟರೆ ಆಯಿತು. ಈಗಿನ ಸಣ್ಣ ರೋಸ್ಟರಿಗಳ ಪೊಟ್ಟಣದ ಮೇಲೆ ಬೀಜ ಬೆಳೆದ ಊರು, ಸಮುದ್ರಮಟ್ಟದಿಂದ ಎತ್ತರ, ತಳಿ, ಒಣಗಿಸಿದ ಬಗೆ, ಹುರಿದ ತಾರೀಖು ಎಲ್ಲವೂ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಮಲ್ಲಿಗೆ, ನಿಂಬೆಸಿಪ್ಪೆ, ಬ್ಲೂಬೆರ್ರಿ. ಕಾಫಿಯ ವಾಸನೆಯೂ ಇದೆಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ.

ಇಂಥ ಪೊಟ್ಟಣಗಳ ಮೇಲೆ ಹೆಚ್ಚಾಗಿ ಮೆರೆಯುವ ಹೆಸರುಗಳು ಇಥಿಯೋಪಿಯಾದವು. ಯಿರ್ಗಚೆಫೆ, ಸಿಡಾಮೊ, ಹರಾರ್. ಈ ಹೆಸರುಗಳನ್ನು ತನ್ನವೆಂದು ನೋಂದಾಯಿಸಿಕೊಳ್ಳಲು ಇಥಿಯೋಪಿಯಾ ಸರ್ಕಾರ 2005ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಅರ್ಜಿ ಹಾಕಬೇಕಾಯಿತು. ಇದರ ಬಗ್ಗೆ ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್ ಜೊತೆಗಿನ ತಕರಾರು 2007ರ ಒಪ್ಪಂದದವರೆಗೂ ನಡೆಯಿತು. ತಮ್ಮೂರಿನ ಹೆಸರು ತಮ್ಮದು ಅನ್ನುವುದಕ್ಕೂ ವಕೀಲರು ಬೇಕಾದರು.

"ಪೂರ್ವ ಆಫ್ರಿಕಾದ ಪರಂಪರೆಯಿಂದ ಪ್ರೇರಿತರಾದ ಸ್ವತಂತ್ರ ರೋಸ್ಟರುಗಳು" ಎಂದು ಯಾರಾದರೂ ಬರೆದುಕೊಂಡಿದ್ದರೆ ನನಗೆ ನೆನಪಾಗುವುದು ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದ ಫುಟ್‌ಪಾತಿನಲ್ಲಿ ಕಾಫಿ ಮಾರುವ ಹೆಂಗಸರು. ಮೊಣಕಾಲೆತ್ತರದ ಸ್ಟೂಲು, ಇದ್ದಿಲ ಒಲೆ, ಕಪ್ಪು ಮಣ್ಣಿನ ಹೂಜಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು, ನೆಲದ ಮೇಲೆ ಹರಡಿದ ಹಸಿರು ಹುಲ್ಲು. ಬೋರ್ಡಿಲ್ಲ, ಪಾಲುದಾರರಿಲ್ಲ. ಇವರಿಗಿಂತ ಸ್ವತಂತ್ರ ರೋಸ್ಟರುಗಳನ್ನು ನಾನಂತೂ ಕಂಡಿಲ್ಲ.

ಕೆಲವರು ಮನೆಯಲ್ಲೇ ಹುರಿದು ತರುತ್ತಾರೆ. ಎದುರಿಗೇ ಹುರಿಯುವವರು ಸಿಕ್ಕರೆ ಅದೃಷ್ಟ. ತೊಳೆದ ಹಸಿ ಬೀಜ ಚಪ್ಪಟೆ ಬಾಣಲೆಗೆ ಬೀಳುತ್ತದೆ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬ್ರೆಡ್ಡು ಕಾಯಿಸಿದ್ದು, ಆಮೇಲೆ ಬೀಜ ಕಂದಾಗಿ ಚಟಪಟ ಸಿಡಿಯಲು ಶುರು. ಯಂತ್ರದಲ್ಲಿ ಹುರಿಯುವವರು ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವ ಈ ಸಿಡಿತಕ್ಕಾಗಿ ಕಂಪ್ಯೂಟರಿನ ಗೆರೆ ನೋಡುತ್ತಾ ಉಸಿರು ಬಿಗಿಹಿಡಿದು ಕೂರುತ್ತಾರೆ. ಈಕೆ ಪಕ್ಕದವಳ ಜೊತೆ ಹರಟುತ್ತಲೇ ಅದನ್ನು ಕೇಳಿಸಿಕೊಳ್ಳುತ್ತಾಳೆ, ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ. ಬೀಜದ ಮೈಮೇಲೆ ಎಣ್ಣೆ ಹೊಳೆಯುತ್ತಿದ್ದಂತೆ ಬಾಣಲೆಯನ್ನೆತ್ತಿ ಕೂತವರ ಮುಂದೆ ಒಂದು ಸುತ್ತು ತರುತ್ತಾಳೆ. ಆ ಹೊಗೆಯನ್ನು ಅಂಗೈಯಿಂದ ಮುಖದ ಕಡೆಗೆ ಎಳೆದುಕೊಳ್ಳಬೇಕು. ಮಂಗಳಾರತಿ ತೆಗೆದುಕೊಂಡು ಪಳಗಿದ ನಮ್ಮ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹುರಿದ ಬೀಜ ನೇರ ಒರಳಿಗೆ ಹೋಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದು ಹೊರಬರಲು ನಾಲ್ಕಾರು ದಿನ ಬಿಡಿ, ಇಲ್ಲದಿದ್ದರೆ ನೀರು ಪುಡಿಗೆ ಸರಿಯಾಗಿ ಹಿಡಿಯದು ಎಂದು ಹೊಸ ರೋಸ್ಟರುಗಳು ಉಪದೇಶಿಸುತ್ತಾರೆ. ಎಸ್ಪ್ರೆಸೊ ಯಂತ್ರದ ಮಟ್ಟಿಗೆ ಅದು ನಿಜವೇ. ಅಡಿಸ್‌ನ ಅಜ್ಜಿಗೆ ಅಷ್ಟು ದಿನ ಕಾಯುವ ವ್ಯವಧಾನವಿಲ್ಲ. ಹುರಿದ ಕಾಲು ಗಂಟೆಯೊಳಗೆ ಪುಡಿ ಹೂಜಿಯ ಉದ್ದ ಕತ್ತಿನೊಳಗೆ ಇಳಿದು ಕುದಿಯುತ್ತಿರುತ್ತದೆ. ಗ್ಯಾಸೆಲ್ಲ ಆ ಕುದಿತದಲ್ಲೇ ನೊರೆಯಾಗಿ ಉಕ್ಕಿ ಹೋಗುತ್ತದೆ. ಆಮೇಲೆ ಹೂಜಿಯನ್ನು ಒಲೆಯಿಂದಿಳಿಸಿ, ಹುಲ್ಲಿನ ಸಿಂಬಿಯ ಮೇಲೆ ಓರೆಯಾಗಿ ಕೂರಿಸಿ, ಗಸಿ ತಳ ಹಿಡಿಯಲು ಬಿಡುತ್ತಾಳೆ. ಬಗ್ಗಿಸುವಾಗ ಒಂದಡಿ ಮೇಲಿಂದ ನೂಲಿನಂಥ ಧಾರೆ. ಬಟ್ಟಲಿಂದ ಬಟ್ಟಲಿಗೆ ಕೈ ಸರಿಯುತ್ತದೆಯೇ ಹೊರತು ಧಾರೆ ಕಡಿಯುವುದಿಲ್ಲ.

ಆ ಊರಲ್ಲಿ ಯಂತ್ರದ ಕಾಫಿಗೇನೂ ಕೊರತೆಯಿಲ್ಲ. ಪಿಯಾಸಾ ಎಂಬ ಹಳೆಯ ಬಡಾವಣೆಯಲ್ಲಿ ಶುರುವಾದ ಟೊಮೊಕಾ ಎಂಬ ಕಾಫಿ ಅಂಗಡಿ 1953ರಿಂದ ಹುರಿಯುತ್ತಿದೆ. ಹೆಸರೇ ಇಟಾಲಿಯನ್ ಪದಗಳನ್ನು ಮೊಟಕು ಮಾಡಿದ್ದು. 1936ರಿಂದ ಐದು ವರ್ಷ ದೇಶವನ್ನು ಆಕ್ರಮಿಸಿದ್ದ ಇಟಲಿಯವರನ್ನು ಓಡಿಸಿದ ಮೇಲೂ ಜನ ಅವರ ಮಕಿಯಾಟೊವನ್ನು, ಅಂದರೆ ತುಸು ಹಾಲು ಬೆರೆಸಿದ ಎಸ್ಪ್ರೆಸೊವನ್ನು, ಉಳಿಸಿಕೊಂಡರು. ಜಾಣರು. ಅಲ್ಲಿ ನಿಂತೇ ಕುಡಿದು ಹೊರಡುವ ಪದ್ಧತಿ, ನಮ್ಮ ದರ್ಶಿನಿಗಳ ಗಿರಾಕಿಗೆ ಬಲು ಒಗ್ಗುತ್ತದೆ.

ಹೂಜಿಯ ಕಾಫಿಗೆ ಬಂದವನು ಹಾಗೆ ಹೊರಡುವಂತಿಲ್ಲ, ಮನೆಗೆ ಕರೆದಿದ್ದರಂತೂ ಇಲ್ಲವೇ ಇಲ್ಲ. ಮೂರು ಸುತ್ತು. ಮೊದಲನೆಯದು ಅಬೋಲ್, ಕಡು. ಅದೇ ಗಸಿಗೆ ಮತ್ತೆ ನೀರು ಹಾಕಿ ಕುದಿಸಿದ್ದು ತೋನ. ಮೂರನೆಯದು ಬೆರೆಕ, ನೀರುನೀರು. ನಡುನಡುವೆ ಜೋಳದ ಅರಳು, ಹುರಿದ ಬಾರ್ಲಿ, ಧೂಪದ ಹೊಗೆ. ಗಂಟೆ ಒಂದಾದರೂ ಬೇಕು. ಆಶೀರ್ವಾದ ಇರುವುದು ಆ ಮೂರನೆಯ ಬಟ್ಟಲಿನಲ್ಲಿ ಎಂದು ನಂಬಿಕೆ, ಅದಕ್ಕೆ ಮೊದಲು ಎದ್ದರೆ ಮನೆಯವರು ನೊಂದುಕೊಳ್ಳುತ್ತಾರೆ.

ಇದನ್ನು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಕಡೆ ಒಂದು ಮನೆಯ ಮರ್ಯಾದೆ ಅಳೆಯುವುದೇ ಮೊದಲ ಡಿಕಾಕ್ಷನ್ನಿನಿಂದ. ಎರಡನೇ ಡಿಕಾಕ್ಷನ್ ಬೇಡದ ನೆಂಟರಿಗೆ, ಚಂದಾ ಕೇಳಲು ಬಂದವರಿಗೆ. ಬೀಗರ ಮನೆಯಲ್ಲಿ ಎರಡನೇ ಡಿಕಾಕ್ಷನ್ ಕೊಟ್ಟರೆಂದು ಇಪ್ಪತ್ತು ವರ್ಷ ಆಡಿಕೊಂಡವರನ್ನು ನಾನು ಬಲ್ಲೆ. ಮೂರನೆಯದನ್ನು ಕೊಟ್ಟಿದ್ದರೆ ಸಂಬಂಧವೇ ಮುರಿಯುತ್ತಿತ್ತು. ಅತ್ತ ಅದೇ ನೀರಿಗಾಗಿ ಜನ ಕಾದು ಕೂತಿದ್ದಾರೆ! ಮೊದಲ ಸುತ್ತಿನಲ್ಲಿ ಎಲ್ಲರ ಬಾಯಿ ಕಾಫಿಯ ಕಡೆಗಿರುತ್ತದೆ. ಮೂರನೆಯದರ ಹೊತ್ತಿಗೆ ಕಾಫಿ ತೆಳುವಾಗಿ ಮಾತು ಗಟ್ಟಿಯಾಗಿರುತ್ತದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಓಟು ಅವರಿಗೆ.

ಹಾಗೆ ನೋಡಿದರೆ ನಮ್ಮ ಗಿಡಗಳೂ ಅಲ್ಲಿಯವೇ. ಅರೇಬಿಕಾ ಎಂಬ ಕಾಫಿ ಜಾತಿಯ ತವರು ಇಥಿಯೋಪಿಯಾದ ನೈಋತ್ಯದ ಕಾಡು. ಅಲ್ಲಿಂದ ಯೆಮನ್, ಯೆಮನ್‌ನಿಂದ ಬಾಬಾಬುಡನ್ ತಂದರೆನ್ನುವ ಏಳು ಬೀಜ. ಮುಂದೆ ನೇರವಾಗಿಯೂ ನಂಟು ಬೆಳೆಯಿತು: ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಸೆಲೆಕ್ಷನ್ 9 ಎಂಬ ತಳಿಯಲ್ಲಿ ತಫರಿಕೆಲ ಎಂಬ ಇಥಿಯೋಪಿಯಾದ ಕಾಫಿಯ ರಕ್ತವಿದೆ.

ಚಿಕ್ಕಮಗಳೂರಿನ ಭಾವ ಆ ತಳಿಯ ಹಸಿ ಬೀಜ ಒಂದು ಕಿಲೋ ಕಳಿಸಿದ್ದರು. ದೋಸೆ ಕಾವಲಿಯ ಮೇಲೆ ಹುರಿದೆ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು ಇಂಟರ್‌ಕಾಮಿನಲ್ಲಿ ಎರಡು ಸಲ ವಿಚಾರಿಸಿದ. ಬಾಣಲೆ ಬದಲು ಕಾವಲಿಯನ್ನೇ ಎತ್ತಿ ಸೋದರತ್ತೆಯ ಮುಂದೆ ಹೊಗೆ ಆಡಿಸಿದೆ, ಭಕ್ತಿಯಿಂದಲೇ ತೆಗೆದುಕೊಂಡರು. ಮೊದಲ ಲೋಟ ಹಾಲಿಲ್ಲದೆ ಕುಡಿದು "ಪರವಾಗಿಲ್ಲ ಕಣೋ" ಅಂದರು. ಎರಡನೆಯದಕ್ಕೆ ಸುಮ್ಮನಿದ್ದರು. ಮೂರನೆಯದನ್ನು ಮುಂದಿಟ್ಟು ಅದರ ಮಹಿಮೆಯನ್ನೆಲ್ಲ ಹೇಳಿದೆ.

ಲೋಟದೊಳಗೆ ಇಣುಕಿ ನೋಡಿದರು. ತಳ ಕಾಣುತ್ತಿತ್ತು.

"ಆಶೀರ್ವಾದ ಮಾಡೋ ವಯಸ್ಸು ನಂದು, ತಗೊಳ್ಳೋದಲ್ಲ. ಇದನ್ನ ನೀನೇ ಕುಡಿ. ನಂಗೆ ಆ ಫಿಲ್ಟರ್ ಇಳಿಸಿಕೊಡು."